ಗೂಡು ಮುಚ್ಚಿದರೆ ಹುಂಜ ಕೂಗುವುದಿಲ್ಲವೇ?

ಮೌಳಂಗಿಯ ಹಿತ್ತಲಲ್ಲಿ ಹುಂಜ ಕೂಗಿದರೆ ತಕರಾರು ಅಪರೂಪ. ಅದೇ ಹುಂಜ ದಾಂಡೇಲಿಯ ಒತ್ತೊತ್ತು ಮನೆಗಳ ಓಣಿಗೆ ಬಂದರೆ, ರಾತ್ರಿ ಪಾಳಿ ಮುಗಿಸಿ ಮಲಗಿದ ನೆರೆಯವರ ನಿದ್ದೆ ಕೆಡುತ್ತದೆ. ಗೂಡಿಗೆ ಗೋಣಿಚೀಲ ಹೊದಿಸಿ ಕತ್ತಲು ಮಾಡಿದರೆ ಸಾಕು ಎನ್ನುವವರಿದ್ದಾರೆ. ಇದು ಪೂರ್ತಿ ನಿಜವಲ್ಲ. 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಂಜಗಳನ್ನು ಹಗಲಿರುಳೂ ಒಂದೇ ಮಂದಬೆಳಕಿನಲ್ಲಿ ಇಟ್ಟು ನೋಡಿದರು. ಬೆಳಗಾದದ್ದು ಕಾಣದಿದ್ದರೂ ಸುಮಾರು 24 ಗಂಟೆಗೊಮ್ಮೆ ಅವು ಕೂಗಿದವು. ಕೂಗಿಸುವುದು ಮೈಯೊಳಗಿನ ಜೈವಿಕ ಗಡಿಯಾರ. ಬೆಳಕು ಮತ್ತು ಪಕ್ಕದ ಹುಂಜದ ದನಿ ಅದಕ್ಕೆ ಇಂಬು ಕೊಡುತ್ತವೆ.

ಹಾಗಾದರೆ ಹುಂಜ ಬೇಕೇ ಬೇಕೇ? ಮೊಟ್ಟೆಗಾಗಿ ಸಾಕುವವರಿಗೆ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ; ಅದರಿಂದ ಮರಿಯಾಗದು, ಅಷ್ಟೇ. ಮೊಟ್ಟೆ ಇಟ್ಟಾಗ ಹೇಂಟೆಯೂ ಗದ್ದಲ ಮಾಡುತ್ತದೆ, ಆದರೆ ಹಗಲಲ್ಲಿ.

ನಮಗನಿಸುವಂತೆ ಕೂಗಿಗಿಂತ ದೊಡ್ಡ ತಂಟೆ ವಾಸನೆಯದು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಒದ್ದೆಯಾದಾಗ ಬ್ಯಾಕ್ಟೀರಿಯಾಗಳು ಅದರಿಂದ ಅಮೋನಿಯಾ ಹುಟ್ಟಿಸುತ್ತವೆ. ಈ ಕಡೆಯ ಮಳೆಗಾಲದಲ್ಲಿ ನೆಲ ಒಣಗುವುದೆಲ್ಲಿ ಬಂತು! ಗೂಡನ್ನು ನೆಲದಿಂದ ಎತ್ತರಿಸಿ, ಇರಚಲು ತಾಗದಂತೆ ಸೂರು ಇಳಿಬಿಟ್ಟು, ಭತ್ತದ ಹೊಟ್ಟು ಹಾಸಬೇಕು. ಒದ್ದೆಯಾದ ಹೊಟ್ಟನ್ನು ತೆಗೆದು ಗೊಬ್ಬರಗುಂಡಿಗೆ ಹಾಕಬೇಕು. ಸಂಜೆ ಉಳಿದ ಕಾಳನ್ನೂ ಎತ್ತಿಡಿ. ಅದಕ್ಕೆ ಬರುವ ಇಲಿ ನಿಮ್ಮ ಹಿತ್ತಲಲ್ಲೇ ನಿಲ್ಲುವುದಿಲ್ಲ, ಪಕ್ಕದ ಮನೆಗೂ ನುಗ್ಗುತ್ತದೆ.