ಮೈಸೂರಿನಲ್ಲಿ ಎಲ್ಲಿ ಕೊಳ್ಳಬೇಕು? ತಿಪಟೂರಿಗೊಂದು ಪಾಠ

ಮದುವೆಯ ಕಾಲ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅನೇಕ ಕುಟುಂಬಗಳು ಜವಳಿ ಖರೀದಿಗಾಗಿ ಮೈಸೂರಿಗೆ ಹೊರಡುವುದು ವಾಡಿಕೆ. ಲೆಕ್ಕಪತ್ರ ತರುವ ಕಕ್ಷಿದಾರರು ತೆರಿಗೆಯ ವಿಚಾರ ಮುಗಿದ ಮೇಲೆ, "ಸಾರ್, ಮೈಸೂರಿನಲ್ಲಿ ಸೀರೆ ಎಲ್ಲಿ ತೆಗೆದುಕೊಳ್ಳೋಣ?" ಎಂದು ಕೇಳುವುದುಂಟು. ಉತ್ತರಿಸುವ ಅರ್ಹತೆ ನನಗೆ ನಷ್ಟದಿಂದಲೇ ಬಂದದ್ದು.

ಕೆಲವು ವರ್ಷಗಳ ಹಿಂದೆ ಮಗಳ ಮದುವೆಗೆಂದು ಅರಸೀಕೆರೆಯಲ್ಲಿ ರೈಲು ಬದಲಿಸಿ ಸಕುಟುಂಬ ಮೈಸೂರಿಗೆ ಹೋಗಿದ್ದೆ. ಆಟೋ ಚಾಲಕನೊಬ್ಬ "ಫ್ಯಾಕ್ಟರಿ ದರದಲ್ಲೇ ಕೊಡಿಸುತ್ತೇನೆ, ಬನ್ನಿ ಸ್ವಾಮಿ" ಎಂದು ಒಂದು ಅಂಗಡಿಗೆ ಕರೆದೊಯ್ದ. "ಬಿಲ್ ಬೇಡವೆಂದರೆ ತೆರಿಗೆಯಷ್ಟು ಕಡಿಮೆ" ಎಂದರು ಅಂಗಡಿಯವರು. ದಶಕಗಳ ಕಾಲ ಅನ್ಯರಿಗೆ ಬಿಲ್ಲಿನ ಮಹತ್ವ ಬೋಧಿಸಿದ ನಾನು ಅಂದು ಒಪ್ಪಿಬಿಟ್ಟೆ. ಎರಡು ಬಾರಿ ಉಡುವಷ್ಟರಲ್ಲಿ ಜರಿ ಕಪ್ಪಿಟ್ಟಿತು. ದೂರು ಕೊಡಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಮೈಸೂರು ಕಲೆಗೂ ಕುಶಲಕರ್ಮಕ್ಕೂ ಹೆಸರಾದ ನಗರ. ಅಲ್ಲಿ ಮೋಸ ಹೋಗದೆ ಕೊಳ್ಳುವ ಸ್ಥಳಗಳಿಗೆ ಕೊರತೆಯಿಲ್ಲ. ರೇಷ್ಮೆ ಸೀರೆಗೆ ಮಾನಂದವಾಡಿ ರಸ್ತೆಯ ಕಾರ್ಖಾನೆಯ ಮಳಿಗೆಗೇ ಹೋಗಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆಯನ್ನು 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. 'ಮೈಸೂರು ರೇಷ್ಮೆ'ಯ ಭೌಗೋಳಿಕ ಸೂಚಕ ನೋಂದಣಿಯೂ ಈ ನಿಗಮದ ಹೆಸರಿನಲ್ಲಿದೆ. ಪ್ರತಿ ಸೀರೆಗೂ ತನ್ನದೇ ಸಂಕೇತ ಸಂಖ್ಯೆಯಿರುವುದರಿಂದ ಅಸಲಿಯನ್ನು ಗುರುತಿಸುವುದು ಕಷ್ಟವಲ್ಲ.

ಬೀಟೆಮರದ ಕುಸುರಿ ಫಲಕಗಳಿಗೆ ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಕಾವೇರಿ ಕರಕುಶಲ ಮಳಿಗೆಯಿದೆ. ಮಂಡಿ ಮೊಹಲ್ಲಾದ ಕಾರ್ಯಾಗಾರಗಳಲ್ಲಿ ಕುಶಲಕರ್ಮಿಗಳಿಂದಲೇ ಕೊಳ್ಳುವುದೂ ಸಾಧ್ಯ. ಬಣ್ಣಬಣ್ಣದ ಮರದ ಚೂರುಗಳನ್ನು ಬೀಟೆಯಲ್ಲಿ ಕೂರಿಸುವುದು ಈ ಕಲೆಯ ವೈಶಿಷ್ಟ್ಯ. ಅಗ್ಗದ ಮಾಲಿನಲ್ಲಿ ಮರದ ಬದಲು ಪ್ಲಾಸ್ಟಿಕ್ ಇದ್ದೀತು. ಕೇಳಿ ತಿಳಿದುಕೊಳ್ಳುವುದು ಒಳಿತು. ಮೈಸೂರು ಶೈಲಿಯ ಚಿತ್ರವನ್ನು ಕೊಳ್ಳುವವರು ಮೊದಲು ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿ ಬಂದರೆ ಕಣ್ಣು ಪಳಗುತ್ತದೆ. ಈ ಶೈಲಿಯಲ್ಲಿ ಉಬ್ಬುಗೆಲಸ ತೆಳು, ಅದರ ಮೇಲೆ ಚಿನ್ನದ ರೇಕು. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಕಲ್ಲುಗಳ ಅಲಂಕಾರ ಹೆಚ್ಚು. ಹೆಬ್ಬಾಳದ ಅರ್ಬನ್ ಹಾತ್‌ನಲ್ಲಿ ಮೇಳಗಳು ನಡೆಯುವಾಗ ಹೊರ ಊರುಗಳ ಕರಕುಶಲಿಗರೂ ನೇರವಾಗಿ ಮಾರುತ್ತಾರೆ. ಹೂವು, ಅರಿಶಿನ ಕುಂಕುಮ, ವೀಳ್ಯದೆಲೆಗಳಿಗೆ ದೇವರಾಜ ಮಾರುಕಟ್ಟೆ ಇದ್ದೇ ಇದೆ.

ಎಲ್ಲಿ ಕೊಂಡರೂ ಬಿಲ್ ಪಡೆಯುವುದನ್ನು ಮರೆಯಬಾರದು. ಜಿ.ಎಸ್.ಟಿ. ನೋಂದಣಿಯುಳ್ಳ ವರ್ತಕನು 200 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಪ್ರತಿ ಮಾರಾಟಕ್ಕೂ ಬಿಲ್ ಕೊಡಲೇಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ವರ್ತಕನಾದರೆ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಬಿಲ್ಲನ್ನು ಕೈಬಿಟ್ಟ ಗ್ರಾಹಕನು ಕೆಲವು ರೂಪಾಯಿ ಉಳಿಸಿ ತನ್ನ ಹಕ್ಕಿನ ಪುರಾವೆಯನ್ನೇ ಕಳೆದುಕೊಳ್ಳುತ್ತಾನೆ.

ಇಷ್ಟು ಬರೆದ ಮೇಲೆ ನಮ್ಮ ಊರಿನ ಕಡೆಗೂ ನೋಡಬೇಕಾಗಿದೆ. ಅದೇ ಮದುವೆಗೆ ಮೈಸೂರಿನಿಂದ ಬಂದ ಬಂಧುವೊಬ್ಬರು ಹೊರಡುವಾಗ, "ನಿಮ್ಮೂರಿನ ಒಳ್ಳೆಯ ಕೊಬ್ಬರಿ ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ನಾನು ನಿರುತ್ತರನಾದೆ. ನಮ್ಮ ಎ.ಪಿ.ಎಂ.ಸಿ. ಪ್ರಾಂಗಣದ ಟೆಂಡರಿನಲ್ಲಿ ಕೊಬ್ಬರಿ ಕ್ವಿಂಟಾಲ್‌ಗಟ್ಟಲೆ ಮಾರಾಟವಾಗುತ್ತದೆ. ಎರಡು ಕಿಲೋ ಬೇಕೆನ್ನುವ ಅತಿಥಿಗೆ ಅಲ್ಲೇನು ಕೆಲಸ? ಕೊನೆಗೆ ಕಿರಾಣಿ ಅಂಗಡಿಯಿಂದ ಹೆಸರು, ದರ್ಜೆ, ದಿನಾಂಕ ಒಂದೂ ಇಲ್ಲದ ಪೊಟ್ಟಣ ಕಟ್ಟಿಸಿಕೊಟ್ಟೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದು, ಚಿಪ್ಪಿನೊಳಗೇ ಒಣಗಿ ಉಂಡೆಯಾಗುವ ಈ ಪದಾರ್ಥದ ಹಿಂದೆ ಎಷ್ಟು ಶ್ರಮವಿದೆಯೆಂದು ಆ ಪೊಟ್ಟಣ ಹೇಳುವಂತಿರಲಿಲ್ಲ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ. ಮಾರುಕಟ್ಟೆ ದರ 20,000 ರೂಪಾಯಿಯನ್ನೂ ದಾಟಿತು. ಈ ಏರಿಳಿತಗಳ ನಡುವೆ ನಮ್ಮ ಮಾಲು ಉತ್ತರ ಭಾರತದ ಸಗಟು ಬೇಡಿಕೆಯನ್ನೇ ನೆಚ್ಚಿಕೊಂಡಿದೆ. ಊರಿನ ಹೆಸರಿಗೆ ಬೆಲೆ ಕೊಟ್ಟು ಕೊಳ್ಳುವ ಗ್ರಾಹಕರನ್ನು ನಾವು ಬೆಳೆಸಿಕೊಂಡಿಲ್ಲ.

ಆದ್ದರಿಂದ ನಮ್ಮ ವಾಣಿಜ್ಯ ಮಂಡಳಿಯು ಬಿ.ಎಚ್. ರಸ್ತೆಯಲ್ಲಿ, ಬಸ್ ನಿಲ್ದಾಣಕ್ಕೆ ಸಮೀಪದಲ್ಲಿ ಒಂದು ಸಣ್ಣ ಮಳಿಗೆ ತೆರೆಯಲಿ ಎಂಬುದು ನನ್ನ ಸಲಹೆ. ದರ್ಜೆವಾರು ಉಂಡೆ ಕೊಬ್ಬರಿ, ಗಾಣದ ಎಣ್ಣೆ, ಮಹಿಳಾ ಸ್ವಸಹಾಯ ಸಂಘಗಳ ಕೊಬ್ಬರಿ ಮಿಠಾಯಿ, ನಾರಿನ ಕಾಲೊರಸು, ಚಿಪ್ಪಿನ ಕರಕುಶಲ ವಸ್ತುಗಳು ಅಲ್ಲಿರಲಿ. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು, ತಯಾರಕರ ವಿಳಾಸ ಮುದ್ರಿತವಾಗಿರಲಿ. ಆಹಾರ ಪದಾರ್ಥಗಳಿಗೆ ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆಯೂ ಇರಲಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ತುಮಕೂರು ಜಿಲ್ಲೆಗೆ ಆಯ್ಕೆಯಾದದ್ದೂ ತೆಂಗಿನ ಉತ್ಪನ್ನವೇ.

ಚಿಲ್ಲರೆ ಮಳಿಗೆಯಿಂದ ಮಂಡಿ ವ್ಯಾಪಾರಕ್ಕೇನು ಲಾಭವೆಂದು ಕೆಲವು ಸದಸ್ಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮೊದಲ ಎರಡು ವರ್ಷ ಬಾಡಿಗೆ, ಸಂಬಳ ಹುಟ್ಟಿದರೆ ಸಾಕೆಂದು ನಾನೂ ಲೆಕ್ಕ ಹಾಕಿದ್ದೇನೆ. ಆದರೆ ಮೈಸೂರು ರೇಷ್ಮೆಗೆ ಗ್ರಾಹಕರು ಸಾಲುಗಟ್ಟಿ ನಿಲ್ಲುವುದು ಅಗ್ಗವೆಂಬ ಕಾರಣಕ್ಕಲ್ಲ, ಅಸಲಿಯೆಂಬ ಭರವಸೆಗೆ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಈ ಪ್ರಸ್ತಾಪವನ್ನು ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಮಳಿಗೆಯ ಲೆಕ್ಕಪತ್ರಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳಲು ನಾನು ಸಿದ್ಧನಿದ್ದೇನೆ.