ಆಯ್ಕೆಯೇ ಇಲ್ಲದವರ 'ಆಯ್ಕೆ'

ಘಟ್ಟದ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾಪ ಬಂದಾಗಲೆಲ್ಲ ಅದರ ಬೆನ್ನಿಗೊಂದು ಸಂಚಾರ ಸಮೀಕ್ಷೆಯೂ ಬರುತ್ತದೆ. ಇಂದು ಇಷ್ಟು ಕಾರು, ಇಷ್ಟು ಲಾರಿ. ಇಪ್ಪತ್ತು ವರ್ಷಗಳ ನಂತರ ಇಷ್ಟು. ಆದ್ದರಿಂದ ಮರಗಳು ಉರುಳಬೇಕು. ಲೆಕ್ಕವೇ ಹೇಳಿದ ಮೇಲೆ ಎದುರು ಮಾತನಾಡುವವರು ಅಭಿವೃದ್ಧಿ ವಿರೋಧಿಗಳು! ಹಾಗಾದರೆ ಆ ಲೆಕ್ಕವನ್ನೇ ಒಮ್ಮೆ ಪರಿಶೀಲಿಸೋಣ.

ಜನರು ಬಸ್ಸು, ರೈಲು, ಕಾರುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಅಂದಾಜಿಸುವ ಶಾಸ್ತ್ರ ಸುಳ್ಳಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ 1970ರ ದಶಕದಲ್ಲಿ ಅದಕ್ಕೆ ಗಟ್ಟಿಯಾದ ತಳಹದಿ ಹಾಕಿದರು. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ 'ಬಾರ್ಟ್' ಎಂಬ ಹೊಸ ರೈಲನ್ನು ಶೇ. 15ರಷ್ಟು ಪ್ರಯಾಣಿಕರು ಬಳಸುವರೆಂಬುದು ಅಧಿಕೃತ ಅಂದಾಜಾಗಿತ್ತು. ಖರ್ಚು, ದಾರಿಯ ಸಮಯ, ಕಾಯುವ ಸಮಯ, ನಿಲ್ದಾಣದವರೆಗಿನ ನಡಿಗೆ ಇವೆಲ್ಲವನ್ನೂ ತೂಗಿದ ಮೆಕ್‌ಫ್ಯಾಡನ್ ಶೇ. 6.3 ಎಂದರು. ನಿಜವಾಗಿ ಬಳಸಿದವರು ಶೇ. 6.2. ಅವರಿಗೆ 2000ದಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಗಮನಿಸಿ, ಆ ಶಾಸ್ತ್ರ ಎಣಿಸಿದ್ದು ಚಕ್ರಗಳನ್ನಲ್ಲ, ಮನುಷ್ಯರನ್ನು. ಕಾಯುವವರ ಬೇಸರಕ್ಕೂ, ನಡೆಯುವವರ ಕಾಲುನೋವಿಗೂ ಅಲ್ಲಿ ಬೆಲೆಯಿದೆ. ನಮ್ಮ ರಸ್ತೆಬದಿಯಲ್ಲಿ ಕುಳಿತು ವಾಹನಗಳಿಗೆ ಗೀಟು ಹಾಕುವವರ ಕಣ್ಣಿಗೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ಕಾಯುವ ವಿದ್ಯಾರ್ಥಿನಿ ಬೀಳುವುದುಂಟೆ?

ಶಾಸ್ತ್ರಕ್ಕೂ ಮಿತಿಯಿದೆ. ಎದುರಿಗಿರುವ ದಾರಿಗಳ ನಡುವಿನ ಆಯ್ಕೆಯನ್ನಷ್ಟೇ ಅದು ಅಳೆಯಬಲ್ಲದು. ಇಲ್ಲದ ಬಸ್ಸನ್ನು ಯಾರೂ ಹತ್ತಲಾರರು. ದಿನಕ್ಕೆ ಎರಡೇ ಬಸ್ಸು ಬರುವ ಊರಿನ ಯುವಕ ಸಾಲ ಮಾಡಿ ಬೈಕು ಕೊಂಡರೆ ಅದು ಅವನ ಒಲವಲ್ಲ, ಅನಿವಾರ್ಯ. ಆ ಅನಿವಾರ್ಯವನ್ನೇ 'ಬೇಡಿಕೆ' ಎಂದು ಬರೆದುಕೊಂಡು ರಸ್ತೆ ಅಗಲಿಸುವುದು ಯಾವ ನ್ಯಾಯ?

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಬಸ್ಸುಗಳು ತುಂಬಿ ತುಳುಕಿದ್ದನ್ನು ಎಲ್ಲರೂ ಕಂಡೆವು. ಹೋಗಬೇಕೆಂಬ ಅಗತ್ಯ ಮೊದಲೂ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ಆದರೆ ಖಾಸಗಿ ಬಸ್ಸು ಮಾತ್ರ ಓಡುವ, ಅಥವಾ ಯಾವ ಬಸ್ಸೂ ಬಾರದ ಮಲೆನಾಡಿನ ಊರುಗಳಲ್ಲಿ ಆ ಉಚಿತ ಟಿಕೆಟ್ಟಿಗೆ ಏನು ಅರ್ಥ?

ಇನ್ನು ಅಗಲವಾದ ರಸ್ತೆ. ಹೊಸ ರಸ್ತೆ ಹೊಸ ಸಂಚಾರವನ್ನು ಹುಟ್ಟಿಸಬಲ್ಲದೆಂದು ಬ್ರಿಟನ್ನಿನ ಸರ್ಕಾರಿ ತಜ್ಞರ ಸಮಿತಿಯೇ 1994ರಲ್ಲಿ ಒಪ್ಪಿಕೊಂಡಿತು. ಅಂದಾಜು ನಿಜವಾಗುವುದು ಹೀಗೆ: ರಸ್ತೆಯೇ ವಾಹನಗಳನ್ನು ಕರೆತರುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಸಕಲೇಶಪುರ-ಸುಬ್ರಹ್ಮಣ್ಯ ರೈಲುಮಾರ್ಗವೂ ಮುಚ್ಚಿತು. ಗುಡ್ಡ ಕಡಿದು ಉಳಿಸುವ ನಿಮಿಷಗಳನ್ನು ಲೆಕ್ಕ ಹಾಕುವವರು, ಗುಡ್ಡ ಜರಿದು ಕಳೆಯುವ ವಾರಗಳನ್ನೂ ಬರೆಯಲಿ.

ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳೋಣ. ಎಣಿಸಿದ್ದು ವಾಹನಗಳನ್ನೋ ಜನರನ್ನೋ? ಬಸ್ಸು ಹೆಚ್ಚಿಸಿದರೆ ಏನಾದೀತೆಂದು ಅಂದಾಜಿಸಿದ್ದೀರಾ? ನಡೆಯುವವರು ಲೆಕ್ಕದಲ್ಲಿ ಎಲ್ಲಿದ್ದಾರೆ? ಉತ್ತರ ಬರುವ ತನಕ ಒಂದು ಮರಕ್ಕೂ ಕೊಡಲಿ ತಾಗಬಾರದು. ಮೊದಲು ಊರಿಗೆ ಬಸ್ಸು ಬರಲಿ. ಆಯ್ಕೆಯ ಮಾತು ಆಮೇಲೆ.