ಪತ್ರ ಬಂದಾಗ ಯಜಮಾನರು ಏನು ಮಾಡುತ್ತಾರೆ?

ಪುಣೆಯ ಕನ್ನಡಿಗರಲ್ಲಿ ಈಗ ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಹೋಗುವ ಮಗನೋ ಮಗಳೋ ಇಲ್ಲದ ಮನೆ ಅಪರೂಪ. ರಾತ್ರಿ ಹತ್ತಾದರೂ ಊಟದ ತಟ್ಟೆ ಮುಚ್ಚಿಟ್ಟು ಕಾಯುವ ತಾಯಂದಿರು, 2024ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾದ ಆ ಪತ್ರವನ್ನು ಮರೆತಿರಲಾರರು.

ಇ.ವೈ. ಸಂಸ್ಥೆಯ ಪುಣೆ ಕಚೇರಿಯಲ್ಲಿ ನಾಲ್ಕೇ ತಿಂಗಳು ದುಡಿದು, ಆ ವರ್ಷದ ಜುಲೈಯಲ್ಲಿ ತೀರಿಕೊಂಡ 26ರ ಹರೆಯದ ಲೆಕ್ಕಪರಿಶೋಧಕಿಯೊಬ್ಬರ ತಾಯಿ ಸಂಸ್ಥೆಯ ಭಾರತದ ಅಧ್ಯಕ್ಷರಿಗೆ ಬರೆದ ಪತ್ರವದು. ಮಗಳ ಸಾವಿಗೆ ಕೆಲಸದ ಹೊರೆಯೇ ಕಾರಣ ಎಂದು ತಾಯಿ ಆರೋಪಿಸಿದರು, ಸಂಸ್ಥೆ ಅದನ್ನು ಒಪ್ಪಲಿಲ್ಲ. ಆ ತೀರ್ಪು ಕೊಡಲು ನಾವು ಯಾರೂ ಅಲ್ಲ. ಆದರೆ ಅಂತ್ಯಕ್ರಿಯೆಗೆ ಕಚೇರಿಯಿಂದ ಯಾರೂ ಹೋಗಿರಲಿಲ್ಲ ಎಂಬುದಕ್ಕೆ ಅಧ್ಯಕ್ಷ ರಾಜೀವ್ ಮೆಮಾನಿ ಅವರೇ ವಿಷಾದಿಸಿದರು. ಆ ವಿಷಾದ ಬಂದದ್ದು ಪತ್ರ ದೇಶವಿಡೀ ಹರಡಿದ ಮೇಲೆ! ಬಳಿಕ ಕಾರ್ಮಿಕ ಇಲಾಖೆಯವರು ಹೋಗಿ ನೋಡಿದರೆ, 2007ರಿಂದ ನಡೆಯುತ್ತಿದ್ದ ಆ ಕಚೇರಿಗೆ ಶಾಪ್ ಆಕ್ಟ್ ನೋಂದಣಿಯೇ ಇರಲಿಲ್ಲ. ದಿನಕ್ಕೆ ಒಂಬತ್ತು ಗಂಟೆಯ ದುಡಿಮೆ ಎಂದು ಆಗ ಮಿತಿ ಹಾಕಿದ್ದ ಕಾಯ್ದೆಯೂ ಅದೇ. ಆ ಪರವಾನಗಿಯನ್ನು ಗಲ್ಲಾದ ಹಿಂದೆ ತೂಗುಹಾಕಿಯೇ ವ್ಯಾಪಾರ ಮಾಡುತ್ತಾ ಬಂದವರು ನಮ್ಮ ಹೋಟೆಲಿಗರು.

ಪುಣೆಗೇ ಸಂಬಂಧಿಸಿದ ಇನ್ನೊಂದು ಪತ್ರ ಇದಕ್ಕಿಂತ ಐವತ್ತು ವರ್ಷ ಹಳೆಯದು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ನಮ್ಮ ಸುಧಾ ಮೂರ್ತಿಯವರು, ಆಗಿನ್ನೂ ಸುಧಾ ಕುಲಕರ್ಣಿ, ಪುಣೆಯ ಟೆಲ್ಕೊ ಕಂಪೆನಿಯ ಉದ್ಯೋಗ ಜಾಹೀರಾತು ನೋಡಿದರು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿತ್ತು. ಸಿಟ್ಟಿನಿಂದ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಅಂಚೆ ಕಾರ್ಡು ಗೀಚಿದರು. ಹತ್ತು ದಿನವಾಗುವಷ್ಟರಲ್ಲಿ ತಂತಿ ಬಂತು, ಕಂಪೆನಿಯ ಖರ್ಚಿನಲ್ಲೇ ಪುಣೆಗೆ ಸಂದರ್ಶನಕ್ಕೆ ಬನ್ನಿ ಎಂದು. ಇದನ್ನು ಅವರೇ ಬರೆದಿದ್ದಾರೆ. ಟೆಲ್ಕೊದ ಕಾರ್ಖಾನೆಗೆ ಮೊದಲ ಮಹಿಳಾ ಇಂಜಿನಿಯರ್ ಬಂದದ್ದು ಹಾಗೆ.

ಜಾಹೀರಾತು ಬರೆದವರು ಯಾರೋ ಅಧಿಕಾರಿ, ತನಗೇನು ಗೊತ್ತು ಎಂದು ಜೆ.ಆರ್.ಡಿ. ಅವರ ಕಚೇರಿ ಆ ಕಾರ್ಡನ್ನು ಬುಟ್ಟಿಗೆ ಹಾಕಿದ್ದರೆ ಕೇಳುವವರು ಯಾರಿದ್ದರು? ಪತ್ರಿಕೆಯಲ್ಲಿ ಗದ್ದಲವಿರಲಿಲ್ಲ, ನೋಟೀಸು ಇರಲಿಲ್ಲ, ಬರೆದಾಕೆ ಬರೀ ಒಬ್ಬ ವಿದ್ಯಾರ್ಥಿನಿ. ಕ್ಷಮೆ ಕೇಳುವುದು ಸುಲಭ. ಯಾರೂ ನೋಡದಿರುವಾಗಲೇ ನಿಯಮ ಬದಲಾದರೆ ಅದಕ್ಕೆ ಹೊಣೆಗಾರಿಕೆ ಎನ್ನಬಹುದು.

ನಮ್ಮ ಸಂಘಗಳು ವಾರ್ಷಿಕೋತ್ಸವದಲ್ಲಿ ಕಂಪೆನಿಗಳ ದೊಡ್ಡವರನ್ನು ಕರೆದು ಶಾಲು ಹೊದೆಸುತ್ತವೆ. ಹೊದೆಸಲಿ, ಸಂತೋಷ. ಆದರೆ ನಿಮ್ಮಲ್ಲಿ ಕಿರಿಯ ನೌಕರಳೊಬ್ಬಳು ಬರೆದ ಪತ್ರ ಯಾರ ಮೇಜಿಗೆ ಹೋಗುತ್ತದೆ ಸ್ವಾಮಿ ಎಂದು ಅದಕ್ಕೂ ಮೊದಲು ಒಮ್ಮೆ ಕೇಳಿದರೆ ತಪ್ಪೇನು?